ಇಪ್ಪತ್ತೈದು ಜನರಿಗೆ ಕ್ವಿಲ್ಲಿಂಗ್ ಕಲಿಸಲು 1,500 ರೂಪಾಯಿ ಸಾಕಾ?

ಪ್ರಶ್ನೆ: ನಾನು ಸ್ತ್ರೀಶಕ್ತಿ ಸಂಘದ ಸದಸ್ಯೆ. ಯೂಟ್ಯೂಬ್ ನೋಡಿ ಪೇಪರ್ ಕ್ವಿಲ್ಲಿಂಗ್, ಅಂದರೆ ಕಾಗದದ ಸಣ್ಣ ಪಟ್ಟಿಗಳನ್ನು ಸುರುಳಿ ಸುತ್ತಿ ಅಲಂಕಾರದ ವಸ್ತು ಮಾಡುವ ಕಲೆ ಕಲಿತಿದ್ದೇನೆ. ಓಲೆ, ಗ್ರೀಟಿಂಗ್ ಕಾರ್ಡ್ ಚೆನ್ನಾಗಿ ಮಾಡುತ್ತೇನೆ. ಈಗ ಸಂಘದ 25 ಜನರಿಗೆ ಎರಡು ದಿನ ಕಲಿಸಿಕೊಡಿ ಅಂತ ಕೇಳಿದ್ದಾರೆ. ಬೇಸಿಗೆ ರಜೆಯಲ್ಲಿ ಪಂಚಾಯಿತಿ ಗ್ರಂಥಾಲಯದ ಮಕ್ಕಳಿಗೂ ಕಲಿಸಬೇಕಂತೆ. ಸಾಮಾನಿಗೆ ಕೊಡುವುದು 1,500 ರೂಪಾಯಿ. ಕಿಟ್ ತರಿಸಿದರೆ ಕೆಲವೇ ಜನಕ್ಕೆ ದುಡ್ಡು ಮುಗಿದುಹೋಗುತ್ತದೆ. ಹೇಗೆ ಹೊಂದಿಸಲಿ? ಇಷ್ಟು ಜನರಿಗೆ ಒಟ್ಟಿಗೆ ಹೇಳಿಕೊಡುವುದು ಹೇಗೆ? ಕಲಿತವರಿಗೆ ಇದರಿಂದ ನಾಲ್ಕು ಕಾಸು ಬರುತ್ತದಾ?
– ಚಿತ್ರದುರ್ಗ ಜಿಲ್ಲೆಯ ಓದುಗರು

ಉತ್ತರ: ಕಿಟ್ ಕೊಳ್ಳಲೇಬೇಡಿ. ಅದು ಮನೆಯಲ್ಲಿ ಒಬ್ಬರೇ ಕೂತು ಕಲಿಯುವವರಿಗೆ ಸರಿ. ಅದರಲ್ಲಿ ಬರುವ ಚಿಮಟ, ಅಳತೆ ಹಲಗೆ, ಬಾಚಣಿಗೆ, ಪಿನ್ನುಗಳಲ್ಲಿ ನಿಮ್ಮ ಎರಡು ದಿನದ ತರಬೇತಿಗೆ ಬೇಕಾಗುವುದು ಒಂದೋ ಎರಡೋ. ಅವನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು. ನಿಮ್ಮ ದುಡ್ಡು ಮುಖ್ಯವಾಗಿ ಎರಡು ಕಡೆ ಹೋಗಲಿ: ಒಳ್ಳೆಯ ಕಾಗದ, ಅದನ್ನು ನೇರವಾಗಿ ಕತ್ತರಿಸುವ ಕೂಲಿ. ಪಟ್ಟಿ ಸಮನಾಗಿದ್ದರೆ ಮೊದಲ ಸಲ ಸುತ್ತುವವರ ಹೂವೂ ಅಂದವಾಗಿ ಕಾಣುತ್ತದೆ. ಪಟ್ಟಿ ಸೊಟ್ಟಗಿದ್ದರೆ ಪಳಗಿದ ಕೈ ಸುತ್ತಿದ ಸುರುಳಿಯೂ ಒಂದು ಕಡೆ ಎದ್ದು ಇನ್ನೊಂದು ಕಡೆ ಕುಸಿಯುತ್ತದೆ.

ಮೊದಲು ಒಂದು ಲೆಕ್ಕ ನೋಡಿ. ಎ4 ಹಾಳೆಯ ಅಗಲ 210 ಮಿ.ಮೀ., ಉದ್ದ 297 ಮಿ.ಮೀ. ಅದನ್ನು ಉದ್ದುದ್ದಕ್ಕೆ 5 ಮಿ.ಮೀ. ಅಗಲದ ಪಟ್ಟಿ ಮಾಡಿದರೆ 42 ಪಟ್ಟಿ ಸಿಗುತ್ತವೆ. ಐದು ಎಸಳು, ನಡುವೆ ಒಂದು ಗುಂಡು, ಎರಡು ಎಲೆ ಇರುವ ಒಂದು ಹೂವಿಗೆ ಎಂಟು ಅರ್ಧ ಪಟ್ಟಿ, ಅಂದರೆ ನಾಲ್ಕು ಪಟ್ಟಿ ಬೇಕು. 25 ಜನ ಒಂದೊಂದು ಹೂವು ಮಾಡಿದರೆ ಬರೀ ನೂರು ಪಟ್ಟಿ. ಮೂರು ಹಾಳೆಯಲ್ಲಿ ಮುಗಿಯಿತು! ಈ ಕಲೆಗೆ ಕಾಗದದ ಖರ್ಚು ಬಲು ಕಡಿಮೆ. ನಾವು ದುಡ್ಡು ಕೊಡುವುದು ಬೇರೆಯವರು ಕತ್ತರಿಸಿ, ಪ್ಯಾಕ್ ಮಾಡಿ, ಕೊರಿಯರ್‌ನಲ್ಲಿ ಕಳಿಸುವುದಕ್ಕೆ. ಹಿಂದೆ ಯುರೋಪಿನ ಮಠಗಳಲ್ಲಿ ಸನ್ಯಾಸಿನಿಯರು ಇದೇ ಕೆಲಸ ಮಾಡುತ್ತಿದ್ದರು. ಅವರು ಬಳಸುತ್ತಿದ್ದದ್ದು ಪುಸ್ತಕದ ಅಂಚು ಕತ್ತರಿಸುವಾಗ ಉಳಿದ, ಚಿನ್ನದ ಬಣ್ಣ ಹಚ್ಚಿದ ಚೂರುಗಳನ್ನು. ಉಳಿಕೆ ಕಾಗದದಿಂದಲೇ ಬೆಳೆದ ಕಲೆ ಇದು. ಕಡಿಮೆ ದುಡ್ಡಿನಲ್ಲಿ ಮಾಡಿದರೆ ಅದಕ್ಕೇನೂ ಕುಂದಿಲ್ಲ.

ಯಾವ ಕಾಗದ ಅನ್ನುವುದರಲ್ಲಿ ಮಾತ್ರ ರಾಜಿ ಬೇಡ. ಕ್ವಿಲ್ಲಿಂಗ್‌ನಲ್ಲಿ ನೋಡುವವರ ಕಣ್ಣಿಗೆ ಬೀಳುವುದು ಹಾಳೆಯ ಮೈ ಅಲ್ಲ, ಅದರ ಅಂಚು. ಅದಕ್ಕೇ ಬಣ್ಣ ಹಾಳೆಯ ಒಳಗೂ ಇರಬೇಕು. ಶಾಲೆ ಮಕ್ಕಳು ತರುವ ಗ್ಲೇಜ್ ಪೇಪರ್ ಒಂದು ಕಡೆ ಕೆಂಪು, ಹಿಂದೆ ಬಿಳಿ ಇರುತ್ತದೆ. ಸುತ್ತಿದ ಮೇಲೆ ಮೇಲಿಂದ ನೋಡಿದರೆ ಕೆಂಪು ಹೂವಲ್ಲ, ಮಾಸಿದ ಗುಲಾಬಿ ಬಣ್ಣದ ಹೂವು ಕಾಣುತ್ತದೆ. ತುಂಬಾ ತೆಳು, ಬೆರಳಿನ ಬೆವರಿಗೇ ಮೆತ್ತಗಾಗುತ್ತದೆ. ಚಾರ್ಟ್ ಪೇಪರ್ ಇದರ ಉಲ್ಟಾ: ದಪ್ಪ ಜಾಸ್ತಿ, ಸುತ್ತಿದರೆ ಅಲ್ಲಲ್ಲಿ ಮುರಿಯುತ್ತದೆ. ನಿಮಗೆ ಸರಿಹೋಗುವುದು ಬಣ್ಣದ ಜೆರಾಕ್ಸ್ ಹಾಳೆ, 75 ಅಥವಾ 80 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ; ಜಾಸ್ತಿಯಾದಷ್ಟೂ ಹಾಳೆ ದಪ್ಪ). ಒಂದು ಮೂಲೆ ಹರಿದು ನೋಡಿ. ಹರಿದ ಕಡೆ ಬಿಳಿ ಕಾಣದಿದ್ದರೆ ಆ ಹಾಳೆ ಆಗುತ್ತದೆ. 100ರಿಂದ 120 ಜಿಎಸ್ಎಂ ಸಿಕ್ಕರೆ ಇನ್ನೂ ಒಳ್ಳೆಯದು. ದಪ್ಪ ಹಾಳೆಯಾದರೆ ಇನ್ನೊಂದು ಪರೀಕ್ಷೆ ಮಾಡಿ: ಮಡಿಸದೆ, ಉದ್ದಕ್ಕೂ ಅಗಲಕ್ಕೂ ಮೆಲ್ಲಗೆ ಬಾಗಿಸಿ. ಒಂದು ಕಡೆಗೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆಗೆ ಬಿಗಿ ಹಿಡಿಯುತ್ತದೆ. ಸಲೀಸಾಗಿ ಬಾಗುವ ದಿಕ್ಕಿಗೆ ಪಟ್ಟಿಯ ಉದ್ದ ಬರುವಂತೆ ಕತ್ತರಿಸಿದರೆ ಸುರುಳಿ ಮುರಿಯುವುದಿಲ್ಲ.

ಈಗ ಕತ್ತರಿಸುವ ವಿಷಯ. ಇದೇ ನಿಮ್ಮ ಸಮಸ್ಯೆಯ ಗಂಟು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಬಿಲ್ ಬುಕ್, ಮದುವೆ ಕಾರ್ಡ್ ಮಾಡುವ ಪ್ರಿಂಟಿಂಗ್ ಪ್ರೆಸ್ಸೋ ಬೈಂಡಿಂಗ್ ಅಂಗಡಿಯೋ ಇದ್ದೇ ಇರುತ್ತದೆ. ಅವರ ಹತ್ತಿರ ಕಟಿಂಗ್ ಮಷೀನ್ ಇರುತ್ತದೆ. ಐದು ಬಣ್ಣದ ಹಾಳೆ, ಒಂದೊಂದು ಬಣ್ಣದ್ದು ಐದು, ಒಟ್ಟು 25 ಹಾಳೆ ಜೋಡಿಸಿ ಕೊಡಿ. ಬಿಲ್ ಪ್ಯಾಡ್‌ಗೆ ಅಂಟು ಬಳಿಯುವ ಹಾಗೆ, ಆ ಕಟ್ಟಿನ ಚಿಕ್ಕ ಅಂಚಿಗೆ ಮಾತ್ರ ಅಂಟು ಬಳಿದು ಒಣಗಿಸಲು ಹೇಳಿ. ಆಮೇಲೆ ಉದ್ದುದ್ದಕ್ಕೆ 5 ಮಿ.ಮೀ.ಗೆ ಒಂದರಂತೆ ಕತ್ತರಿಸಲಿ. ಆಗ ಒಂದೊಂದು ಏಟಿಗೂ ಒಂದು ಪುಟ್ಟ ಕಟ್ಟು ಹೊರಬೀಳುತ್ತದೆ: ಐದೂ ಬಣ್ಣದ 25 ಪಟ್ಟಿ, ತುದಿಯಲ್ಲಿ ಅಂಟಿಕೊಂಡು ಚದುರದೆ ಇರುತ್ತವೆ. ಬೇಕಾದಾಗ ಒಂದೊಂದೇ ಕಿತ್ತುಕೊಳ್ಳಬಹುದು. ಅಂಗಡಿಯ ಪ್ಯಾಕೆಟ್‌ನ ಪಟ್ಟಿಗಳೂ ಹೀಗೇ ಒಂದು ತುದಿಯಲ್ಲಿ ಅಂಟಿರುತ್ತವೆ, ನೋಡಿರುತ್ತೀರಿ. ಮಷೀನಿನಲ್ಲಿ ಹಾಳೆಯ ಕೊನೆಯ ಎರಡು ಇಂಚಿನಷ್ಟು ಭಾಗ ಕತ್ತರಿಸಲು ಬರುವುದಿಲ್ಲ, ಮಷೀನಿನ ಹಿಂಬದಿಯ ತಡೆ ಅಡ್ಡ ಬರುತ್ತದೆ. ಅದನ್ನು ಬಿಟ್ಟರೂ ಮೂವತ್ತು ಕಟ್ಟು ಸಿಗುತ್ತವೆ. ಒಬ್ಬರಿಗೆ ಒಂದು ಕಟ್ಟು, ಮೇಲೆ ನಾಲ್ಕೈದು ನಿಮ್ಮ ಕೈಯಲ್ಲಿ. ಹಂಚುವ ಗಲಾಟೆಯೂ ಇಲ್ಲ, "ನನಗೆ ಹಸಿರು ಬರಲಿಲ್ಲ" ಅನ್ನುವ ಮಾತೂ ಇಲ್ಲ.

ಕಟ್ಟಿನ ಮೇಲೆ ಕೆಳಗೆ ಒಂದೊಂದು ರಟ್ಟು ಇಡಲು ನೆನಪಿಸಿ. ಇಲ್ಲದಿದ್ದರೆ ತುದಿಯ ಪಟ್ಟಿಗಳು ಹಿಸಿಯುತ್ತವೆ. ಪ್ರೆಸ್ಸಿನವರು ಬಿಡುವಾಗಿರುವ ಹೊತ್ತು ನೋಡಿಕೊಂಡು ಹೋಗಿ, ಮದುವೆ ಸೀಸನ್‌ನಲ್ಲಿ ಹೋದರೆ ಈ ಚಿಕ್ಕ ಕೆಲಸಕ್ಕೆ ಅವರಿಗೂ ಪುರಸೊತ್ತಿರುವುದಿಲ್ಲ. ಅಲ್ಲಿಗೆ ಹೋದಾಗ ಕಾರ್ಡ್ ಕತ್ತರಿಸಿ ಉಳಿದ ಚೂರು ಹಾಳೆ ಇದ್ದರೆ ಕೇಳಿ ತನ್ನಿ. ಹೂವು ಅಂಟಿಸುವ ಬುಡಕ್ಕೆ ಅವು ಹೇಳಿ ಮಾಡಿಸಿದಂತಿರುತ್ತವೆ. ಬೆಂಗಳೂರಿಗೆ ಹೋಗಿಬರುವವರು ಇದ್ದರೆ ಸುಲ್ತಾನ್‌ಪೇಟೆ, ಚಿಕ್ಕಪೇಟೆ ಕಡೆಯ ಮದುವೆ ಕಾರ್ಡ್ ಅಂಗಡಿಗಳಲ್ಲೂ ವಿಚಾರಿಸಿ.

ಮಷೀನ್ ಸಿಗದಿದ್ದರೆ ಕೈಯಲ್ಲೇ ಕತ್ತರಿಸಬೇಕಾಗುತ್ತದೆ. ಸ್ಟೀಲ್ ಸ್ಕೇಲ್, ಹೊಸ ಬ್ಲೇಡ್ ಹಾಕಿದ ಕಟರ್, ಕೆಳಗೆ ದಪ್ಪ ರಟ್ಟು. ಒಂದು ಸಲಕ್ಕೆ ನಾಲ್ಕು ಹಾಳೆಗಿಂತ ಜಾಸ್ತಿ ಇಡಬೇಡಿ, ಕೆಳಗಿನದು ಜರುಗುತ್ತದೆ. ಪ್ಲಾಸ್ಟಿಕ್ ಸ್ಕೇಲ್ ಬೇಡ, ಬ್ಲೇಡ್ ಅದರ ಅಂಚನ್ನೇ ಕೊರೆದುಬಿಡುತ್ತದೆ.

ಸುತ್ತುವ ಕಡ್ಡಿಗೆ ಕಾಸೇ ಬೇಡ. ತೆಂಗಿನ ಗರಿಯ ಪೊರಕೆ ಕಡ್ಡಿಯನ್ನು ಗೇಣುದ್ದಕ್ಕೆ ಮುರಿದು, ತುದಿಯಲ್ಲಿ ಬ್ಲೇಡಿನಿಂದ ಅರ್ಧ ಇಂಚು ಸೀಳಿ. ಆ ಸೀಳಿನಲ್ಲಿ ಪಟ್ಟಿಯ ತುದಿ ಸಿಕ್ಕಿಸಿ ತಿರುಗಿಸಿದರೆ ಆಯಿತು. ಸೀಳು ಮುಂದಕ್ಕೆ ಹೋಗದ ಹಾಗೆ ಅದರ ಬುಡಕ್ಕೆ ನಾಲ್ಕು ಸುತ್ತು ದಾರ ಬಿಗಿಯಿರಿ. ಉರಿದು ಉಳಿದ ಊದುಬತ್ತಿ ಕಡ್ಡಿಯೂ ಬಿದಿರಿನದೇ, ನೇರವಾಗಿ ಸೀಳುತ್ತದೆ, ಆದರೆ ಬೇಗ ಮುರಿಯುತ್ತದೆ. ಗಟ್ಟಿಯಾದದ್ದು ಬೇಕಿದ್ದರೆ ಗೋಣಿ ಹೊಲಿಯುವ ದಬ್ಬಣದ ಕಣ್ಣಿನ ತುದಿಯನ್ನು ಇಕ್ಕಳದಿಂದ ಕತ್ತರಿಸಿ. ಕಣ್ಣು ಬಾಯಿ ತೆರೆದುಕೊಂಡು ಕವಲಾಗುತ್ತದೆ. ಚೂಪು ತುದಿಯನ್ನು ಹಳೆ ಪೆನ್ನಿನ ಕೊಳವೆಗೆ ತೂರಿಸಿ ಮೇಣ ತುಂಬಿದರೆ ಹಿಡಿ ಆಯಿತು. ಕತ್ತರಿಸುವಾಗ ಬಟ್ಟೆ ಸುತ್ತಿಕೊಳ್ಳಿ, ಚೂರು ಕಣ್ಣಿಗೆ ಸಿಡಿಯಬಹುದು. ಇಂಥ ನಾಲ್ಕೈದು ಸಾಕು, ಗುಂಪಿಗೆ ಒಂದರಂತೆ. ಉಳಿದವರಿಗೆ ಪೊರಕೆ ಕಡ್ಡಿ.

ಫೆವಿಕಾಲ್ ಚಿಕ್ಕ ಚಿಕ್ಕ ಬಾಟಲಿ ತಂದರೆ ದುಬಾರಿ. ಒಂದೇ ದೊಡ್ಡ ಡಬ್ಬಿ ತಂದು ನೀರಿನ ಬಾಟಲಿಯ ಮುಚ್ಚಳಗಳಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕೊಡಿ. ಜಾಸ್ತಿ ಹಾಕಿಟ್ಟರೆ ಗಾಳಿಗೆ ಕೆನೆ ಕಟ್ಟಿ ಹಾಳಾಗುತ್ತದೆ. ಬೆರಳಲ್ಲಿ ಮುಟ್ಟಲು ಬಿಡಬೇಡಿ, ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ತೆಗೆದುಕೊಳ್ಳಲಿ. ಹೊಸಬರ ಕೆಲಸ ಕೆಡುವುದು ಹೆಚ್ಚಾಗಿ ಅಂಟಿನಿಂದಲೇ. ಜಾಸ್ತಿಯಾದರೆ ಸುರುಳಿಯ ಪದರಗಳು ಒಂದಕ್ಕೊಂದು ಕಚ್ಚಿಕೊಂಡು ಬಿಚ್ಚಿಕೊಳ್ಳುವುದೇ ಇಲ್ಲ, ಒಣಗಿದ ಮೇಲೆ ಹೊಳಪು ಕಲೆ ಉಳಿಯುತ್ತದೆ. ಇಬ್ಬಿಬ್ಬರ ನಡುವೆ ಒಂದು ಒದ್ದೆ ಬಟ್ಟೆ ಇಡಿ.

ಎಸಳುಗಳೆಲ್ಲ ಒಂದೇ ಅಳತೆ ಬರಬೇಕಲ್ವಾ? ಅಂಗಡಿಯಲ್ಲಿ ಅದಕ್ಕೆ ಗುಂಡು ತೂತಿನ ಹಲಗೆ ಮಾರುತ್ತಾರೆ. ನೀವು ಖಾಲಿಯಾದ ಮಾತ್ರೆ ಸ್ಟ್ರಿಪ್‌ಗಳನ್ನು ಕೂಡಿಡಿ. ದುಂಡು ಮಾತ್ರೆಯ ಗುಳಿಯಲ್ಲಿ ಸುರುಳಿ ಬಿಟ್ಟರೆ ಅದು ಗುಳಿಯಷ್ಟಕ್ಕೇ ಬಿಚ್ಚಿಕೊಂಡು ನಿಲ್ಲುತ್ತದೆ. ಹಿಂದಿನ ಹಾಳೆ ಪೂರ್ತಿ ಕಿತ್ತು ತೊಳೆದಿರಬೇಕು, ಮಾತ್ರೆಯ ಪುಡಿ ಉಳಿದಿರಬಾರದು. ದೊಡ್ಡ ಸುರುಳಿಗೆ ಜಾಮಿಟ್ರಿ ಬಾಕ್ಸಿನ ಅಚ್ಚಿನ ಗುಂಡು ತೂತು ಆಗುತ್ತದೆ. ಕೆಲಸದ ಹಲಗೆಗೆ ರಟ್ಟಿನ ಪೆಟ್ಟಿಗೆ ಬಿಚ್ಚಿ, ಮೇಲೆ ತೊಳೆದ ಹಾಲಿನ ಕವರ್ ಬಿಗಿದು ಅಂಟಿಸಿ. ಅಂಟು ಸೋರಿದರೂ ಹೂವು ಕಚ್ಚುವುದಿಲ್ಲ, ಎತ್ತಿದರೆ ಬರುತ್ತದೆ.

ಇನ್ನು ಕಲಿಸುವ ಬಗ್ಗೆ. ನೀವು 5 ಮಿ.ಮೀ. ಪಟ್ಟಿ ಹಿಡಿದು ಮುಂದೆ ನಿಂತು ತೋರಿಸಿದರೆ ಎರಡನೇ ಸಾಲಿಗೇ ಏನೂ ಕಾಣುವುದಿಲ್ಲ. ಆಗ ಎಲ್ಲರೂ ಎದ್ದು ನಿಮ್ಮ ಸುತ್ತ ಮುತ್ತಿಕೊಳ್ಳುತ್ತಾರೆ. ಅದಕ್ಕೆ ದೊಡ್ಡ ಅಳತೆಯಲ್ಲಿ ತೋರಿಸಿ. ಹಳೆ ಕ್ಯಾಲೆಂಡರ್ ಹಾಳೆಗಳನ್ನು ಮೂರು ಬೆರಳಗಲ ಕತ್ತರಿಸಿ, ಒಂದಕ್ಕೊಂದು ಅಂಟಿಸಿ ಮಾರುದ್ದದ ಪಟ್ಟಿ ಮಾಡಿ. ಅದನ್ನು ಲಟ್ಟಣಿಗೆಗೆ ಸುತ್ತಿ, ಹೊರಗೆ ಎಳೆದು, ಕೈ ಸಡಿಲಿಸಿ. ಸುರುಳಿ ಹೇಗೆ ಬಿಚ್ಚಿಕೊಳ್ಳುತ್ತದೆ ಅನ್ನುವುದು ಕೋಣೆಯ ಕೊನೆಯಲ್ಲಿ ಕೂತವರಿಗೂ ಕಾಣುತ್ತದೆ. ಅದನ್ನೇ ಒಂದು ಕಡೆ ಚಿವುಟಿದರೆ ಹನಿ. ಎರಡೂ ಕಡೆ ಚಿವುಟಿದರೆ ಕಣ್ಣು. ಆ ಎರಡು ತುದಿಗಳನ್ನು ಎದುರುಬದುರಾಗಿ ತಿರುಚಿದರೆ ಎಲೆ. ಒಂದೇ ಸುರುಳಿಯಿಂದ ಇಷ್ಟು ಆಕಾರ ಹುಟ್ಟುವುದನ್ನು ಕಣ್ಣಾರೆ ನೋಡಿದ ಮೇಲೆ ಉಳಿದದ್ದು ಅವರಿಗೇ ಹೊಳೆಯುತ್ತದೆ.

ಐದೈದು ಜನರ ಐದು ಗುಂಪು ಮಾಡಿ. ಎಲ್ಲರೂ ನೆಲದ ಮೇಲೆ ದುಂಡಗೆ ಕೂರಲಿ. ತರಬೇತಿಗೆ ಮುಂಚೆ ಒಂದು ಸಂಜೆ ಕೈ ಚುರುಕಾಗಿರುವ ಐದು ಜನರನ್ನು ಮನೆಗೆ ಕರೆದು ಹನಿ ಆಕಾರದವರೆಗೆ ಹೇಳಿಕೊಡಿ. ಮರುದಿನ ಗುಂಪಿಗೊಬ್ಬರು ಅವರೇ. ಇದನ್ನು ಬಿಡಲೇಬೇಡಿ. ಇಡೀ ಯೋಜನೆಯಲ್ಲಿ ನಿಮ್ಮ ಹೊರೆ ಇಳಿಸುವುದು ಇದೊಂದೇ. ಇಲ್ಲದಿದ್ದರೆ 25 ಜನ "ಅಕ್ಕಾ, ಇದು ನೋಡಿ" ಅಂತ ಒಟ್ಟಿಗೆ ಕರೆಯುವಾಗ ನೀವು ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ಕರೆದವರು ಸುಮ್ನೆ ಕಾಯುತ್ತಾ ಕೂರುತ್ತಾರೆ, ಕಾಯುವಾಗ ಬೇಸರ ಬರುತ್ತದೆ.

ಮೊದಲ ಅರ್ಧ ಗಂಟೆ ಬಣ್ಣದ ಪಟ್ಟಿ ಕೊಡಬೇಡಿ. ಮಕ್ಕಳ ಹಳೆ ನೋಟ್‌ಬುಕ್ಕಿನ ಹಾಳೆಯ ಪಟ್ಟಿಯಲ್ಲಿ ಬರೀ ಸುತ್ತಲಿ. ಈ ಹೊತ್ತಿನಲ್ಲಿ ನೀವು ಗಮನಿಸಬೇಕಾದ ತಪ್ಪುಗಳು ಕೆಲವೇ. ಸುರುಳಿ ಗೋಪುರದ ಹಾಗೆ ಎದ್ದರೆ ಪಟ್ಟಿಯ ಅಂಚಿನ ಮೇಲೆ ಅಂಚು ಕೂರುತ್ತಿಲ್ಲ ಅಂತ ಅರ್ಥ. ಸುತ್ತುವಾಗ ಬದಿಗೆ ತೋರುಬೆರಳಿನ ಆಸರೆ ಕೊಡಲು ಹೇಳಿ. ಕಡ್ಡಿಯಿಂದ ತೆಗೆಯುವಾಗ ನಡು ಕಿತ್ತು ಬಂದರೆ ತುಂಬಾ ಬಿಗಿಯಾಗಿ ಸುತ್ತಿದ್ದಾರೆ. ಕಡ್ಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ, ಸುರುಳಿಯನ್ನು ಕೆಳಗಿನಿಂದ ಉಗುರಲ್ಲಿ ನೂಕಿದರೆ ಸಲೀಸಾಗಿ ಬರುತ್ತದೆ. ಹೂವು ಕಟ್ಟುವವರಿಗೆ, ಬತ್ತಿ ಹೊಸೆಯುವವರಿಗೆ ಈ ಬೆರಳ ಕೆಲಸ ಬಲು ಬೇಗ ಹತ್ತುತ್ತದೆ. ಅಂಥವರು ಕಡ್ಡಿ ಬಿಟ್ಟು ಬರೀ ಬೆರಳಲ್ಲೇ ಸುತ್ತಲಿ. ನಡುವೆ ಸೀಳಿನ ಗುರುತು ಬೀಳದೆ ಸುರುಳಿ ಇನ್ನೂ ಚೆನ್ನಾಗಿರುತ್ತದೆ.

ಮೊದಲ ದಿನವೇ ಪ್ರತಿಯೊಬ್ಬರೂ ಒಂದು ಮುಗಿದ ವಸ್ತು ಮನೆಗೆ ಒಯ್ಯಬೇಕು. ನಾನು ಹೇಳುವುದು ಮದುವೆಗೆ ಕೊಡುವ ಮುಯ್ಯಿ ಕವರ್. ಒಂದು ಮೂಲೆಯಲ್ಲಿ ಒಂದು ಹೂವು, ಎರಡು ಎಲೆ, ಅಷ್ಟೇ. ನಾಲ್ಕು ಪಟ್ಟಿಯಲ್ಲಿ ಮುಗಿಯುತ್ತದೆ. ಮನೆಯವರು ನೋಡುತ್ತಾರೆ, ಬಳಸುತ್ತಾರೆ, ಎರಡನೇ ದಿನ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ವಿನ್ಯಾಸಕ್ಕೆ ಪುಸ್ತಕ ಕೊಳ್ಳುವುದೂ ಬೇಡ, ಮೊಬೈಲ್ ನೋಡಿ ನಕಲು ಮಾಡುವುದೂ ಬೇಡ. ನಿಮ್ಮ ಮುಂದೆ ಕೂತಿರುವವರೆಲ್ಲ ಬೆಳಗಾದರೆ ಬಾಗಿಲಿಗೆ ರಂಗೋಲಿ ಹಾಕುವವರು. ಏಳು ಚುಕ್ಕಿ, ನಾಲ್ಕರವರೆಗೆ ಅಂತ ಹೇಳಿದರೆ ಸಾಕು, ಅವರ ಕೈಗೆ ಲೆಕ್ಕ ಗೊತ್ತು. ಬಿಳಿ ಹಾಳೆಯ ಮೇಲೆ ಒಂದೊಂದು ಇಂಚಿಗೆ ಚುಕ್ಕಿ ಇಡಿಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಸಿ. ಚುಕ್ಕಿ ಇರುವಲ್ಲಿ ಬಿಗಿ ಸುರುಳಿ, ಎಸಳು ಬರುವಲ್ಲಿ ಹನಿ, ಬಳ್ಳಿ ಬರುವಲ್ಲಿ ಅಂಚಿನ ಮೇಲೆ ನಿಲ್ಲಿಸಿದ ಪಟ್ಟಿ. ಅಳತೆ ತಾನಾಗಿಯೇ ಸರಿಯಾಗಿ ಕೂರುತ್ತದೆ. ಕಲಿಯಲು ಹಿಂಜರಿಯುವ ಹಿರಿಯರು ಇಲ್ಲಿ ಎಲ್ಲರಿಗಿಂತ ಮುಂದೆ ಬರುತ್ತಾರೆ. ಚಿಕ್ಕವರು ಅವರನ್ನು ಕೇಳಿ ಹಾಕುತ್ತಾರೆ. ನನಗೆ ಈ ಕೆಲಸದಲ್ಲಿ ಬಹಳ ಇಷ್ಟವಾಗುವ ಹೊತ್ತು ಇದು.

ಎರಡನೇ ದಿನಕ್ಕೆ ಜುಮಕಿ ಇಟ್ಟುಕೊಳ್ಳಿ. ಅದಕ್ಕೆ ಬೇರೆ ಕಟ್ಟು ಬೇಕು: ಕಡುಗೆಂಪು 20 ಹಾಳೆ, ಹಳದಿ 10 ಹಾಳೆ, ಅಂದರೆ ಕಟ್ಟಿಗೆ 30 ಪಟ್ಟಿ. ಜೆರಾಕ್ಸ್ ಹಾಳೆಯ ಹತ್ತು ಹನ್ನೆರಡು ಪಟ್ಟಿ ಒಂದರ ಹಿಂದೆ ಒಂದು ಅಂಟಿಸಿ ಬಿಗಿಯಾಗಿ ಸುತ್ತಿದರೆ ಎರಡು ಸೆಂ.ಮೀ. ಅಗಲದ ಬಿಲ್ಲೆ ಬರುತ್ತದೆ. ಒಂದು ಜೊತೆಗೆ ಎರಡು ಬಿಲ್ಲೆ. ಮೇಲಿನ ಗುಂಡಿಗೂ ಸೇರಿ ಒಂದು ಕಟ್ಟಿನಲ್ಲಿ ಒಂದು ಜೊತೆ ಮುಗಿಯುತ್ತದೆ. ಬಿಲ್ಲೆಯನ್ನು ಗೋಲಿಯ ಮೇಲಿಟ್ಟು ಸುತ್ತಲೂ ಮೆಲ್ಲಗೆ ಒತ್ತಿದರೆ ಗುಮ್ಮಟವಾಗುತ್ತದೆ. ಅವಸರ ಮಾಡಿದರೆ ನಡು ಪಟ್ಟನೆ ಹೊರಬಂದು ಇಡೀ ಸುರುಳಿ ಬಿಚ್ಚಿಕೊಳ್ಳುತ್ತದೆ. ಆಕಾರ ಬಂದ ತಕ್ಷಣ ಒಳಗೆಲ್ಲ ಫೆವಿಕಾಲ್ ಬಳಿದು ಒಣಗಲು ಬಿಡಿ. ಇದು ಒಂದು ರಾತ್ರಿ ಒಣಗಬೇಕು. ಹಾಗಾಗಿ ಗುಮ್ಮಟವನ್ನು ಮೊದಲ ದಿನ ಸಂಜೆ ಮಾಡಿಸಿಬಿಡಿ. ಎರಡನೇ ದಿನ ವಾರ್ನಿಶ್ ಇಲ್ಲವೇ ಬಣ್ಣವಿಲ್ಲದ ನೈಲ್ ಪಾಲಿಶ್ ಎರಡು ಸಲ ಹಚ್ಚಿ, ಕೊಕ್ಕೆ ಹಾಕಿಸಿ. ಹಚ್ಚುವಾಗ ಕಿಟಕಿ ಬಾಗಿಲು ತೆರೆದಿರಲಿ, ವಾಸನೆ ತಲೆಗೆ ಏರುತ್ತದೆ. ಕೊಕ್ಕೆ, ಉಂಗುರಗಳನ್ನು ಬಿಡಿಯಾಗಿ ತರಬೇಡಿ, ತೂಕದ ಲೆಕ್ಕದಲ್ಲಿ ಇಲ್ಲವೇ ನೂರರ ಪ್ಯಾಕೆಟ್‌ನಲ್ಲಿ ತಂದರೆ ಅಗ್ಗ.

ದುಡ್ಡಿನ ಹಂಚಿಕೆ ಹೀಗಿರಲಿ. ಸುಮಾರು ಅರ್ಧ ಕಾಗದಕ್ಕೆ ಮತ್ತು ಕಟಿಂಗ್ ಕೂಲಿಗೆ. ಉಳಿದದ್ದರಲ್ಲಿ ಅಂಟು, ಕೊಕ್ಕೆ, ಒಂದು ವಾರ್ನಿಶ್ ಡಬ್ಬಿ. ಸ್ವಲ್ಪ ಕೈಯಲ್ಲಿ ಉಳಿಸಿಕೊಳ್ಳಿ. ದರ ಊರಿಂದ ಊರಿಗೆ ಬೇರೆ, ಮೂರು ಅಂಗಡಿ ವಿಚಾರಿಸಿ. ರಸೀದಿ ಇಟ್ಟುಕೊಂಡು ಸಂಘದ ಪುಸ್ತಕದಲ್ಲಿ ಬರೆಸಿ.

ಗ್ರಂಥಾಲಯದ ಮಕ್ಕಳಿಗೆ ಇದೇ ಪಾಠ ಹಾಗೇ ನಡೆಯುವುದಿಲ್ಲ. ಎಂಟು ವರ್ಷದ ಒಳಗಿನವರಿಗೆ 10 ಮಿ.ಮೀ. ಪಟ್ಟಿ ಕೊಡಿ, ಪೆನ್ಸಿಲ್‌ಗೆ ಸುತ್ತಲಿ. ದೊಡ್ಡವರಿಗೆ ಪೊರಕೆ ಕಡ್ಡಿ ಕೊಡಬಹುದು. ದಬ್ಬಣ, ಬ್ಲೇಡ್, ನೈಲ್ ಪಾಲಿಶ್ ಮಕ್ಕಳ ಕೋಣೆಗೇ ಬರಬಾರದು. ಒಂದು ಗಂಟೆಗಿಂತ ಜಾಸ್ತಿ ಕೂರಿಸಬೇಡಿ. ಒಬ್ಬೊಬ್ಬರಿಗೆ ಒಂದೊಂದು ಚಿತ್ರಕ್ಕಿಂತ ಎಲ್ಲರೂ ಸೇರಿ ಒಂದು ದೊಡ್ಡ ನವಿಲು ಮಾಡಲಿ. ನೀವು ರಟ್ಟಿನ ಮೇಲೆ ಗೆರೆ ಬರೆದುಕೊಡಿ, ಪ್ರತಿ ಮಗುವೂ ಹತ್ತು ಕಣ್ಣು ಸುತ್ತಿ ಗರಿಗೆ ಅಂಟಿಸಲಿ. ಒಬ್ಬರ ಸುರುಳಿ ಸಡಿಲ, ಇನ್ನೊಬ್ಬರದು ಬಿಗಿ ಇದ್ದರೂ ಗರಿಯಲ್ಲಿ ಎಲ್ಲ ಹೊಂದಿಕೊಳ್ಳುತ್ತದೆ. ಗ್ರಂಥಾಲಯದ ಗೋಡೆಗೆ ಅದನ್ನು ತೂಗುಹಾಕಿ, ಕೆಳಗೆ ಎಲ್ಲ ಮಕ್ಕಳ ಹೆಸರು ಬರೆಯಿರಿ.

ಕೊನೆಗೆ ಸಂಪಾದನೆಯ ಪ್ರಶ್ನೆ. ಇದನ್ನು ಕಲಿಯುವವರ ಎದುರು ನೇರವಾಗಿ ಮಾತಾಡಿ, ಆಸೆ ಹುಟ್ಟಿಸಬೇಡಿ. ಸಾಮಾನಿನ ಖರ್ಚು ಕಡಿಮೆ, ನಿಜ. ಆದರೆ ಹೊತ್ತು ಹಿಡಿಯುತ್ತದೆ. ಹೊಸಬರಿಗೆ ಒಂದು ಜೊತೆ ಜುಮಕಿಗೆ ಸುಲಭವಾಗಿ ಎರಡು ಗಂಟೆ ಬೇಕು. ಅಷ್ಟು ಹೊತ್ತಿನ ಕೂಲಿ ಸೇರಿಸದೆ "ಕಾಗದ ತಾನೇ" ಅಂತ ಬೆಲೆ ಇಟ್ಟರೆ ಮಾಡಿದವರಿಗೆ ಏನೂ ಉಳಿಯುವುದಿಲ್ಲ. ದಿನಾ ಮಾರುವ ಸರಕು ಇದಲ್ಲ, ಹಬ್ಬದ ಸರಕು. ಸಂಕ್ರಾಂತಿಗೆ ಎಳ್ಳು ಬೀರುವ ಪುಟ್ಟ ಪೆಟ್ಟಿಗೆ, ಗೌರಿ ಹಬ್ಬದ ಬಾಗಿನದ ಮೊರಕ್ಕೆ ಅಲಂಕಾರ, ಮದುವೆ ಸೀಸನ್‌ಗೆ ಮುಯ್ಯಿ ಕವರ್. ಇವುಗಳಿಗೆ ಒಂದೂವರೆ ತಿಂಗಳು ಮುಂಚೆಯೇ ಆರ್ಡರ್ ಹಿಡಿಯಬೇಕು. ಸಂಘವಾಗಿ ಮಾಡಿದರೆ ಕೆಲಸ ಹಂಚಿಕೊಳ್ಳಿ: ಕೆಲವರು ಬರೀ ಎಸಳು ಸುತ್ತಲಿ, ಕೆಲವರು ಜೋಡಿಸಲಿ. ಆಗ ನೂರು ಕವರ್ ಕೇಳಿದರೂ ಎಲ್ಲ ಒಂದೇ ಥರ ಬರುತ್ತವೆ.

ಮಳೆಗಾಲದಲ್ಲಿ ತಯಾರಾದದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತೇವ ತಗುಲಿದರೆ ಸುರುಳಿಯ ಬಿಗಿ ಹೋಗಿ ಆಕಾರ ಕೆಡುತ್ತದೆ. ಇದನ್ನೇ ಕಸುಬಾಗಿ ಮಾಡುವ ಆಸೆ ಇರುವವರು ಒಬ್ಬಿಬ್ಬರು ಸಿಕ್ಕರೆ, ಅವರನ್ನು ನಿಮ್ಮ ಜಿಲ್ಲೆಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಕಳಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಸಂಸ್ಥೆಗಳಿವು. ತರಬೇತಿ ಉಚಿತ. ಕೃತಕ ಆಭರಣ ತಯಾರಿಕೆಯ ಕೋರ್ಸ್ ಕೂಡ ಅವರ ಪಟ್ಟಿಯಲ್ಲಿದೆ, ಲೆಕ್ಕ ಬರೆಯುವುದು, ಬೆಲೆ ಕಟ್ಟುವುದು, ಸಾಲಕ್ಕೆ ಅರ್ಜಿ ಹಾಕುವುದನ್ನೂ ಹೇಳಿಕೊಡುತ್ತಾರೆ. ಮುಂದಿನ ಬ್ಯಾಚ್ ಯಾವಾಗ ಅಂತ ಈಗಲೇ ವಿಚಾರಿಸಿಟ್ಟುಕೊಂಡರೆ ತರಬೇತಿಯ ಎರಡನೇ ದಿನವೇ ಅವರಿಗೆ ಹೇಳಬಹುದು.